ಒಂದೇ ಯಂತ್ರ, ಹನ್ನೊಂದು ಹೆಸರು

ಮೆಹದಿಪಟ್ಟಣಂ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಕಲ್ಯಾಣಪ್ಪನವರ ಮೂರು ಮಹಡಿಯ ಕಟ್ಟಡ ಸಿಗುತ್ತದೆ. ಅದರ ಎರಡನೇ ಮಹಡಿಯಲ್ಲಿ ಶಿವದೇವಿಯವರು ಇಪ್ಪತ್ತೊಂದು ವರ್ಷ ಫೋನ್ ಎತ್ತುವ ಕೆಲಸ ಮಾಡಿದರು. ಆ ಮಹಡಿಯಲ್ಲಿ ಒಂಬತ್ತು ಸಣ್ಣ ಕಚೇರಿಗಳಿದ್ದವು. ಕೆಲವಕ್ಕೆ ಒಂದು ಕೋಣೆ, ಕೆಲವಕ್ಕೆ ಬರಿಯ ಒಂದು ಮೇಜು. ಹೊರಗಿನವರಿಗೆ ಗೊತ್ತಿದ್ದದ್ದು ಮಾತ್ರ ಒಂದೇ ಫೋನ್ ನಂಬರು. ಕರೆ ಮಾಡಿದವರು ಯಾರು ಬೇಕೆಂದು ಹೇಳುತ್ತಿದ್ದರು, ಶಿವದೇವಿಯವರು ತಮ್ಮೆದುರಿನ ಫೋನ್ ಬೋರ್ಡಿನ ಗುಂಡಿ ಒತ್ತಿ ಆ ಕೋಣೆಗೆ ಜೋಡಿಸುತ್ತಿದ್ದರು.

ಯಾರೂ ಸರಿಯಾದ ಹೆಸರು ಹೇಳುತ್ತಿರಲಿಲ್ಲ. ಶ್ರವಣ ಯಂತ್ರ ಮಾರುವ ಡಾಕ್ಟರನ್ನು ಒಬ್ಬರು ತೆಲುಗಿನಲ್ಲಿ ‘ಚೆವಿ ಡಾಕ್ಟರ್’ ಅಂದರೆ ಇನ್ನೊಬ್ಬರು ಹಿಂದಿಯಲ್ಲಿ ‘ಕಾನ್ ವಾಲೆ ಡಾಕ್ಟರ್’ ಅನ್ನುತ್ತಿದ್ದರು, ಎರಡಕ್ಕೂ ಅರ್ಥ ಕಿವಿ ಡಾಕ್ಟರ್. ಲೆಕ್ಕಪರಿಶೋಧಕರ ಕಚೇರಿಯನ್ನು ಅವರ ತೀರಿಹೋದ ತಂದೆಯ ಹೆಸರಿನಲ್ಲೇ ಕೇಳುವವರಿದ್ದರು. ಶಿವದೇವಿಯವರಿಗೆ ಇವೆಲ್ಲ ಬಾಯಿಪಾಠವಾಗಿದ್ದವು.

ಅವರು ಸೇಡಂ ಕಡೆಯವರು. ಪಿಯುಸಿವರೆಗೆ ಓದಿದ್ದು ಕನ್ನಡದಲ್ಲಿ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ತೆಲುಗನ್ನು ಬಸ್ಸುಗಳ ಬೋರ್ಡು ಓದಿ, ಹಿಂದಿಯನ್ನು ತರಕಾರಿ ಕೊಳ್ಳುತ್ತಾ ಕಲಿತರು. ಇಂಗ್ಲಿಷ್ ಮಾತ್ರ ನಾಲ್ಕು ವಾಕ್ಯಕ್ಕೆ ನಿಂತುಬಿಟ್ಟಿತ್ತು. ಆ ನಾಲ್ಕೂ ಫೋನಿನ ವಾಕ್ಯಗಳು. ಗಂಡ ಅಮರೇಶಪ್ಪನವರು ಅಲ್ಲೇ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆದು ಚೌಕಟ್ಟಿಗೆ ಕೂರಿಸುವ ಕೆಲಸದಲ್ಲಿದ್ದರು. ಮಾತು ಕಡಿಮೆ. ಹೆಂಡತಿ ಇಡೀ ದಿನ ಮಾತಾಡಿ ಬರುತ್ತಾರಲ್ಲ, ಮನೆಯಲ್ಲಾದರೂ ಗಂಟಲಿಗೆ ವಿಶ್ರಾಂತಿ ಸಿಗಲಿ ಎಂದು ತಾನು ಸುಮ್ಮನಿರುವುದಾಗಿ ಹೇಳಿಕೊಳ್ಳುತ್ತಿದ್ದರಂತೆ.

ಇದನ್ನೆಲ್ಲ ನಾನು ಕೇಳಿದ್ದು ಶಿವದೇವಿಯವರಿಂದಲೇ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಬಿಡಿಬಿಡಿಯಾಗಿ. ಮೈಸೂರಿನಿಂದ ಬಂದು ನಾನು ಅದೇ ಮಹಡಿಯ ತಂತ್ರಾಂಶದ ಕಚೇರಿ ಸೇರುವ ಹೊತ್ತಿಗೆ ಅವರು ಫೋನ್ ಬೋರ್ಡಿನ ಮುಂದೆ ಇರಲಿಲ್ಲ. ಸರ್ವರ್ ನೋಡಿಕೊಳ್ಳುವವರಾಗಿದ್ದರು. ನನಗೆ ಕೆಲಸ ಹೇಳಿಕೊಟ್ಟವರೂ ಅವರೇ.

ಎರಡು ಸಾವಿರದ ಹದಿನೈದರ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲ್ ಬಂದು, ಬೋರ್ಡಿಗೆ ದಿನಕ್ಕೆ ಹತ್ತು ಕರೆ ಬಂದರೆ ಹೆಚ್ಚು ಎನ್ನುವಂತಾಗಿತ್ತು. ಬಂದ ಹತ್ತರಲ್ಲಿ ಏಳೆಂಟು ಪದ್ಮನಾಭ ಅವರಿಗೆ. ಪದ್ಮನಾಭ ಕುಂದಾಪುರದವರು, ಆಗ ಮೂವತ್ತಾರರ ವಯಸ್ಸು. ಮಹಡಿಯ ಕೊನೆಯ ಕೋಣೆಯಲ್ಲಿ ಕೂತು ಶಾಲೆಗಳಿಗೆ ಹಾಜರಿಯ, ದವಾಖಾನೆಗಳಿಗೆ ಸರದಿ ಚೀಟಿಯ, ಫಂಕ್ಷನ್ ಹಾಲಿಗೆ ಬುಕಿಂಗಿನ ತಂತ್ರಾಂಶ ಬರೆದುಕೊಡುತ್ತಿದ್ದರು. ಜೊತೆಗಿದ್ದ ಪಾಲುದಾರ ದೊಡ್ಡ ಕಂಪನಿ ಸೇರಿ ಹೊರಟುಹೋಗಿದ್ದ. ಪದ್ಮನಾಭ ಒಬ್ಬರೇ ಊರೆಲ್ಲ ಓಡಾಡುತ್ತಿದ್ದರಿಂದ ಗಿರಾಕಿಗಳ ದೂರು ಬಂದು ಬೀಳುತ್ತಿದ್ದದ್ದು ಬೋರ್ಡಿಗೆ. ಶಿವದೇವಿಯವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು: “ಹತ್ತೂ ಇಪ್ಪತ್ತು. ಶಾಲೆಯ ಗುಮಾಸ್ತ. ಹಾಜರಿ ಪುಟ ತೆರೆಯುತ್ತದೆ. ಆರನೇ ತರಗತಿ ಒತ್ತಿದರೆ ಬಿಳಿ. ಏಳನೇ ತರಗತಿ ಸರಿ ಇದೆ.” ಏಳನೇ ತರಗತಿ ಸರಿ ಇದೆಯೇ ಎಂದು ಕೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪದ್ಮನಾಭ ಆ ಬರಹ ನೋಡಿದರೆ ಸಾಕು, ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತಿತ್ತು.

ಬೋರ್ಡ್ ತೆಗೆಸುತ್ತಾರೆಂಬ ಸುದ್ದಿ ಶಿವದೇವಿಯವರಿಗೆ ತಲುಪಿದ್ದು ತಂತಿ ಅಳೆಯಲು ಬಂದವನಿಂದ. ಅವರು ಡ್ರಾಯರ್ ಖಾಲಿ ಮಾಡಿ, ತಮ್ಮ ಸ್ಟೀಲ್ ಲೋಟ, ಹಣಿಗೆ, ಒಂದು ಶಾಲು ಚೀಲಕ್ಕೆ ಹಾಕಿಕೊಂಡರು. ಅದೇ ಮಧ್ಯಾಹ್ನ ಕಲ್ಯಾಣಪ್ಪನವರು ಕರೆಸಿದರು. ಅವರು ಬಸವಕಲ್ಯಾಣದ ಕಡೆಯವರು, ಬಟ್ಟೆ ವ್ಯಾಪಾರ ಮಾಡಿ ಆ ಕಟ್ಟಡ ಕಟ್ಟಿದವರು.

“ಕೂಡ್ರಿ ಬಾಯಿ,” ಅಂದರು. “ಬೋರ್ಡ್ ತಗಸಾಕತ್ತೀನಿ. ನಿಮಗೂ ಗೊತ್ತಾಗಿರಬೇಕು.”

“ಗೊತ್ತಾತ್ರಿ ಸಾವ್ಕಾರ್ರ.”

“ಬೋರ್ಡ್ ಹೋಗತೈತಿ, ನೀವು ಹೋಗಂಗಿಲ್ಲ. ಆ ಪದ್ಮನಾಭ ಮೂರು ಸಲ ಬಂದು ಕೇಳ್ಯಾನ, ಶಿವದೇವಿಬಾಯಿನ್ನ ನನ್ನ ಖೋಲಿಗೆ ಕಳಸ್ರಿ, ಕೆಲಸ ಕಲಸ್ತೀನಿ ಅಂತ.”

“ನನಗ ಕಂಪ್ಯೂಟರ್ ಬರಂಗಿಲ್ರಿ. ಇಂಗ್ಲಿಷೂ ಅಷ್ಟಕ್ಕಷ್ಟ.”

“ಅದನ್ನ ನನಗ್ಯಾಕ ಹೇಳ್ತೀರಿ? ಅವಗ ಹೇಳ್ರಿ.”

ಶಿವದೇವಿಯವರಿಗೆ ಆಗ ನಲವತ್ತೇಳು. ಅಂದು ಸಂಜೆ ಮನೆಗೆ ಹೋಗಿ ಅಮರೇಶಪ್ಪನವರಿಗೆ ವಿಷಯ ಹೇಳಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ. “ಆ ಪರದೆ ಕಣ್ಣಿಂದ ಎಷ್ಟು ದೂರ ಇರತೈತಿ?” ಹೆಂಡತಿ ಕೈ ಚಾಚಿ ತೋರಿಸಿದರು. ಅವರು ಎದ್ದು ಅಂಗಡಿಯ ಟೇಪಿನಿಂದ ಮೂಗಿನ ತುದಿಯಿಂದ ಬೆರಳಿನ ತುದಿಯವರೆಗೆ ಅಳೆದರು. ವಾರದೊಳಗೆ, ಓದುವುದಕ್ಕೂ ಅಲ್ಲ ದೂರ ನೋಡುವುದಕ್ಕೂ ಅಲ್ಲ, ಆ ಅಷ್ಟು ದೂರಕ್ಕೆ ಮಾತ್ರ ಸರಿಹೊಂದುವ ಒಂದು ಕನ್ನಡಕ ತಂದುಕೊಟ್ಟರು. ಚುಕ್ಕೆ ಯಾವುದು, ಅಲ್ಪವಿರಾಮ ಯಾವುದು ಎಂದು ಬೇರೆ ಬೇರೆಯಾಗಿ ಕಂಡದ್ದು ಆ ಕನ್ನಡಕ ಹಾಕಿದ ಮೇಲೆಯೇ ಎಂದು ಶಿವದೇವಿಯವರು ಈಗಲೂ ಹೇಳುತ್ತಾರೆ.

ಪದ್ಮನಾಭ ಅವರ ಕೋಣೆಯ ಮೂಲೆಯಲ್ಲಿ ಒಂದು ಯಂತ್ರ, ಅದೇ ಸರ್ವರ್, ಸದಾ ಗುಂಯ್‌ಗುಡುತ್ತಿತ್ತು. ಅದರೊಳಗೆ ಟಾಮ್‌ಕ್ಯಾಟ್ ಎಂಬ ತಂತ್ರಾಂಶ. ಪದ್ಮನಾಭ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಶಾಲೆಯ, ದವಾಖಾನೆಯ ಪುಟಗಳನ್ನು ಕೇಳಿದವರಿಗೆ ತೆರೆದು ಕೊಡುವುದು ಅದರ ಕೆಲಸ. ಮೊದಲ ದಿನ ಅವರು ಇನ್ನೊಂದು ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಹೊಸದಾಗಿ ಹಾಕಿ, ಶುರು ಮಾಡುವುದು ಹೇಗೆಂದು ತೋರಿಸಿದರು. ಪರದೆಯ ಮೇಲೆ ಒಂದು ಬೆಕ್ಕಿನ ಚಿತ್ರವಿರುವ ಪುಟ ಬಂತು.

“ಬೆಕ್ಕು ಬಂದರೆ ಅದು ಎದ್ದಿದೆ ಅಂತ ಅರ್ಥ ಅಕ್ಕ,” ಅಂದರು ಪದ್ಮನಾಭ. ಮುಂದೆ ಒಂದು ವಾರ ಶಿವದೇವಿಯವರು ಮಾಡಿದ್ದು ಅದನ್ನೇ. ನಿಲ್ಲಿಸುವುದು, ಶುರು ಮಾಡುವುದು, ಬೆಕ್ಕು ಬಂತೇ ಎಂದು ನೋಡುವುದು.

ಆಗ ನಾಲ್ವರು ಗಿರಾಕಿಗಳಿದ್ದರು. ಪ್ರತಿಯೊಬ್ಬರ ವಿಳಾಸದ ಕೊನೆಗೂ ಒಂದೊಂದು ನಂಬರು ಅಂಟಿಕೊಂಡಿತ್ತು. ಜನ ಆ ನಂಬರು ಹಾಕುವುದನ್ನು ಮರೆತು, ಪುಟ ಬರುವುದಿಲ್ಲವೆಂದು ಫೋನ್ ಮಾಡುತ್ತಿದ್ದರು. ಗಿರಾಕಿಗೊಂದು ಯಂತ್ರ ಕೊಳ್ಳುವುದು ಆಗದ ಮಾತು. ಯಂತ್ರ ಒಂದೇ ಇರಲಿ, ಆದರೆ ಪ್ರತಿ ಗಿರಾಕಿಗೂ ಅವರದೇ ಸ್ವಂತ ಹೆಸರಿನ ವಿಳಾಸ ಇರಲಿ ಎಂಬುದು ಪದ್ಮನಾಭ ಅವರ ಯೋಚನೆ. ಒಂದು ಬೆಳಿಗ್ಗೆ ಬಿಳಿ ಹಾಳೆಯ ಮೇಲೆ ಒಂದು ಚೌಕ ಬರೆದು ವಿವರಿಸಿದರು.

“ನೋಡಿ ಅಕ್ಕ, ಈ ಯಂತ್ರದ್ದು ಹೊರಗಿನವರಿಗೆ ಗೊತ್ತಿರೋದು ಒಂದೇ ನಂಬರು. ಬಂದವರು ಬಾಗಿಲಲ್ಲೇ ತಮಗೆ ಯಾರು ಬೇಕು ಅಂತ ಹೆಸರು ಹೇಳ್ತಾರೆ. ಬ್ರೌಸರೇ ಅದನ್ನು ಹೇಳ್ತದೆ. ಟಾಮ್‌ಕ್ಯಾಟ್ ಆ ಹೆಸರು ನೋಡಿ, ಪಟ್ಟಿಯಲ್ಲಿ ಹುಡುಕಿ, ಸರಿಯಾದ ಕಡೆ ಕಳಿಸಬೇಕು. ಆ ಪಟ್ಟಿ ಬರೆಯೋದೇ ನಮ್ಮ ಕೆಲಸ. ಒಂದೊಂದು ಹೆಸರಿಗೆ ಒಂದೊಂದು ಹೋಸ್ಟ್, ಅಂದ್ರೆ ಪಟ್ಟಿಯಲ್ಲಿ ಒಂದು ನಮೂದು.”

ಶಿವದೇವಿಯವರು ಹಾಳೆಯನ್ನೇ ನೋಡುತ್ತಾ ಕೂತರು. “ಇಷ್ಟ ಏನ್ರಿ?” ಅಂದರು. “ಸರ್, ನಾ ಇಪ್ಪತ್ತೊಂದು ವರ್ಷ ಮಾಡಿದ್ದು ಇದೇ ಐತಿ.”

ಪದ್ಮನಾಭ ಪೆನ್ನು ಕೆಳಗಿಟ್ಟರು. ಅವರಿಗೆ ಅದು ಹೊಳೆದೇ ಇರಲಿಲ್ಲವಂತೆ. “ಹೌದಲ್ಲ ಮಾರಾಯ್ರೆ,” ಎಂದು ನಕ್ಕುಬಿಟ್ಟರು.

ಪಟ್ಟಿ ಇರುವ ಕಡತದ ಹೆಸರು ಸರ್ವರ್ ಎಕ್ಸ್‌ಎಂಎಲ್. ಅದನ್ನು ಮೊದಲು ತೆರೆದಾಗ ಶಿವದೇವಿಯವರಿಗೆ ಕಂಡದ್ದೆಲ್ಲ ಇಂಗ್ಲಿಷ್. ಆದರೆ ಎರಡು ದಿನ ಅದನ್ನೇ ದಿಟ್ಟಿಸಿ ನೋಡಿದ ಮೇಲೆ ಅವರೊಂದು ವಿಷಯ ಕಂಡುಕೊಂಡರು. ತಮಗೆ ಬೇಕಾದ ಭಾಗದಲ್ಲಿ ಬಂದ ಪದಗಳೇ ಮತ್ತೆ ಮತ್ತೆ ಬರುತ್ತವೆ. ಕೂತು ಎಣಿಸಿದರು. ಮೂವತ್ತೆಂಟು ಪದ. ಅವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಎದುರಿಗೆ ಅರ್ಥ ಬರೆದರು. ಸಾಲಿನ ಶುರುವಿನ, ಕೊನೆಯ ಮೂಲೆ ಕಂಸಗಳನ್ನು ‘ಬಾಯಿ ತೆರೀತು’, ‘ಬಾಯಿ ಮುಚ್ಚಿತು’ ಎಂದು ಓದಿಕೊಳ್ಳುತ್ತಿದ್ದರು. ನಾನು ಕೆಲಸ ಕಲಿತದ್ದೂ ಹಾಗೆಯೇ. ಈಗ ನನಗೂ ಬೇರೆ ರೀತಿ ಓದಲು ಬರುವುದಿಲ್ಲ.

ಮೊದಲ ಹೋಸ್ಟ್ ಅವರು ಸ್ವತಃ ಬರೆದದ್ದು ಶ್ರವಣ ಯಂತ್ರದ ಡಾಕ್ಟರಿಗೆ. ಹೆಸರು ಬರೆದರು, ಆ ಹೆಸರಿನವರ ಕಡತಗಳು ಯಾವ ಫೋಲ್ಡರಿನಲ್ಲಿವೆ ಎಂದು ಬರೆದರು. ಪುಟ ಸಿಗಲಿಲ್ಲ ಎಂಬ ಸಂದೇಶ ಬಂತು. ಎರಡು ತಾಸು ಹುಡುಕಿದರು. ಒಳಗಿನ ಫೋಲ್ಡರಿನ ಹೆಸರು ‘ರೂಟ್’, ಅದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಇರಬೇಕು. ಅವರು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ತಿದ್ದಿದ ಕೂಡಲೇ ಡಾಕ್ಟರ ಪುಟ ಬಂತು. ಪದ್ಮನಾಭ ಬಂದು ನೋಡಿ, “ಇದು ನನಗೂ ಮೂರು ಸಲ ಆಗಿದೆ,” ಅಂದರು. ಅದು ನಿಜವೋ, ತಮ್ಮನ್ನು ಸಮಾಧಾನಪಡಿಸಲು ಹೇಳಿದ್ದೋ, ಶಿವದೇವಿಯವರಿಗೆ ಇನ್ನೂ ಗೊತ್ತಿಲ್ಲ.

ದೊಡ್ಡ ತಪ್ಪು ನಡೆದದ್ದು ಎರಡು ತಿಂಗಳ ನಂತರ, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಮೂಳೆ, ಕೀಲುಗಳಿಗೆ ವ್ಯಾಯಾಮ ಹೇಳಿಕೊಡುವ ಒಬ್ಬರು ಐದನೇ ಗಿರಾಕಿಯಾಗಿ ಬಂದಿದ್ದರು. ಪದ್ಮನಾಭ ಲಿಂಗಂಪಲ್ಲಿಯ ಒಂದು ಶಾಲೆಗೆ ಹೋಗಿದ್ದರು. ಶಿವದೇವಿಯವರು ಹೊಸ ಹೋಸ್ಟ್ ಬರೆದು, ಟಾಮ್‌ಕ್ಯಾಟ್ ನಿಲ್ಲಿಸಿ, ಮತ್ತೆ ಶುರು ಮಾಡಿದರು. ಅದು ಏಳಲಿಲ್ಲ. ಹೊಸ ಪುಟವಷ್ಟೇ ಅಲ್ಲ, ಹಳೆಯ ನಾಲ್ಕೂ ಹೋದವು. ಇನ್ನೊಮ್ಮೆ ಶುರು ಮಾಡಿದರು. ಇಲ್ಲ.

ಮೇಜಿನ ಮೇಲಿನ ಮೊಬೈಲಿಗೆ ಕರೆಗಳು ಶುರುವಾದವು. ಡಾಕ್ಟರ ಕಡೆಯವರು, ಫಂಕ್ಷನ್ ಹಾಲಿನವರು, ಮತ್ತೆ ಡಾಕ್ಟರ ಕಡೆಯವರು. “ನಮ್ಮ ಕಡೆ ಬಂದ್ ಆಗೈತ್ರಿ, ನೋಡಾಕತ್ತೀನಿ,” ಎಂದು ಎಲ್ಲರಿಗೂ ಅವರವರ ಭಾಷೆಯಲ್ಲಿ ಹೇಳಿದರು. ಆಮೇಲೆ ಪದ್ಮನಾಭ ಅವರಿಗೆ ಫೋನ್ ಮಾಡಿದರು.

“ಸರ್, ಎಲ್ಲಾ ಕೆಡಿಸಿಬಿಟ್ಟೀನ್ರಿ. ಐದೂ ಬಂದ್ ಆಗ್ಯಾವು.”

ಪದ್ಮನಾಭ ಅವರ ಎದುರಿಗೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಅಲ್ಲಿಂದಲೇ ಒಳಗೆ ಬಂದು ಎರಡು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

“ನೀರು ಕುಡಿದ್ರಾ?” ಎಂದು ಕೇಳಿದರು. “ಮೊದಲು ಕುಡಿಯಿರಿ. ಆಮೇಲೆ ಲಾಗ್ ಕಡತದ ಕೊನೆಯಲ್ಲಿ ಎಂತ ಬರೆದಿದೆ, ಓದಿ.”

ಟಾಮ್‌ಕ್ಯಾಟ್ ತನಗೆ ಆದದ್ದನ್ನೆಲ್ಲ ಬರೆದಿಡುವ ಕಡತ ಅದು. ಶಿವದೇವಿಯವರು ಒಂದೊಂದೇ ಪದ ಕೂಡಿಸಿ ಓದಿದರು. ನೂರ ಅರವತ್ತೆಂಟನೇ ಸಾಲಿನಲ್ಲಿ ಏನೋ ಹೊಂದುತ್ತಿಲ್ಲ ಎಂದಿತ್ತು. ಆ ಸಾಲಿಗೆ ಹೋದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

“ಅಲ್ಲಿ ಎಲ್ಲಾ ಸರಿ ಐತ್ರಿ.”

“ಅದು ತನಗೆ ಗೊತ್ತಾದ ಜಾಗ ಹೇಳ್ತದೆ ಅಕ್ಕ. ತಪ್ಪು ಅದಕ್ಕಿಂತ ಮೇಲೆ ಎಲ್ಲೋ ಇರ್ತದೆ. ನಿಧಾನಕ್ಕೆ ಮೇಲೆ ಹೋಗಿ. ನಾನು ಫೋನಲ್ಲೇ ಇದ್ದೇನೆ.”

ಮೊಬೈಲಿನಲ್ಲಿ ಆ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು, ಅಷ್ಟೇ. ಶಿವದೇವಿಯವರು ಒಂದೊಂದೇ ಸಾಲು ಮೇಲೆ ಹೋದರು. ಬಾಯಿ ತೆರೀತು, ಬಾಯಿ ಮುಚ್ಚಿತು. ಹೀಗೆ ಹನ್ನೊಂದು ಸಾಲು ಹೋದ ಮೇಲೆ, ತಾವು ಬೆಳಿಗ್ಗೆ ಬರೆದ ಹೋಸ್ಟ್ ಶುರುವಾಗಿದೆ, ಆದರೆ ಎಲ್ಲೂ ಮುಗಿದಿಲ್ಲ ಎಂಬುದು ಕಂಡಿತು. ಮುಗಿಸುವ ಸಾಲನ್ನೇ ಬರೆದಿರಲಿಲ್ಲ.

“ಸಿಕ್ತ್ರಿ,” ಅಂದರು.

“ತಿದ್ದಿ. ಶುರು ಮಾಡಿ.”

ಒಂದು ನಿಮಿಷದೊಳಗೆ ಐದೂ ಪುಟ ಬಂದವು. ಒಟ್ಟು ಇಪ್ಪತ್ತು ನಿಮಿಷ ಎಲ್ಲ ನಿಂತಿತ್ತು. ಪದ್ಮನಾಭ ಆಮೇಲೆ ತಾವೇ ಎಲ್ಲ ಗಿರಾಕಿಗಳಿಗೆ ಕರೆ ಮಾಡಿ, ತಮ್ಮಿಂದ ತಪ್ಪಾಯಿತೆಂದು ಕ್ಷಮೆ ಕೇಳಿದರು. ಶಿವದೇವಿಯವರ ಹೆಸರು ಎತ್ತಲಿಲ್ಲ. ಅದು ಅವರಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಫಂಕ್ಷನ್ ಹಾಲಿನ ಮ್ಯಾನೇಜರ್ ಮಾತಿನ ನಡುವೆ ಹೇಳಿದಾಗ.

ಸಂಜೆ ಪದ್ಮನಾಭ ಬಂದಾಗ ಶಿವದೇವಿಯವರು ಕೇಳಿದರು. “ಲ್ಯಾಪ್‌ಟಾಪ್ ನಿಮ್ಮ ಹಂತೇಕ ಇತ್ತಲ್ರಿ. ನೀವೇ ಯಾಕ ಸರಿ ಮಾಡಲಿಲ್ಲ?”

“ನಾನು ಮಾಡಿದ್ದರೆ ನೀವು ನಾಳೆಯಿಂದ ಆ ಕಡತ ಮುಟ್ಟುತ್ತಿರಲಿಲ್ಲ,” ಅಂದರು ಪದ್ಮನಾಭ. “ಇಪ್ಪತ್ತು ನಿಮಿಷ ನಿಂತದ್ದಕ್ಕೆ ಯಾರೂ ಸಾಯಲಿಲ್ಲ. ಆದರೆ ಇನ್ನು ಮೇಲೆ ಮುಟ್ಟುವ ಮೊದಲು ಒಂದು ನಕಲು ಇಟ್ಟುಕೊಳ್ಳಿ.”

ನನಗೆ ಇದನ್ನು ಹೇಳುವಾಗ ಶಿವದೇವಿಯವರು ಊಟ ನಿಲ್ಲಿಸಿದ್ದರು. “ಚಿತ್ರಾ, ಅವತ್ತ ಅವರು ನನ್ನ ಕುರ್ಚಿ ಕಸಗೊಳ್ಳಲಿಲ್ಲ ನೋಡು,” ಅಂದರು. “ಭಾಳ ಮಂದಿ ಶಾಣ್ಯಾ ಇರತಾರ. ಆದ್ರ ಇನ್ನೊಬ್ಬರು ಹುಡುಕೂತನಕ ಸುಮ್ಮ ಕೂಡೋದು ಎಲ್ಲಾರಿಗೂ ಆಗಂಗಿಲ್ಲ.”

ಮೂರು ವರ್ಷ ಕಳೆಯುವಷ್ಟರಲ್ಲಿ ಆ ಒಂದೇ ಯಂತ್ರದ ಮೇಲೆ ಹನ್ನೊಂದು ಹೆಸರುಗಳಾದವು. ಹತ್ತನೆಯದು ಮಿಯಾಪುರದ ಸುಬೋಧ ವಿದ್ಯಾಲಯ. ಅದರ ಮುಖ್ಯೋಪಾಧ್ಯಾಯಿನಿ ಅನುರಾಧಾ ಬೀದರಿನವರು, ನೇರ ಮಾತಿನವರು. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನಗಳಲ್ಲಿ, ಒಂದು ಬುಧವಾರ ಬೆಳಿಗ್ಗೆ ಅವರ ಕರೆ ಬಂತು.

“ಏನ್ರಿ ಶಿವದೇವಿಯವರ, ನಮ್ಮ ಶಾಲಿ ತೆಗದ್ರ ಶಹನಾಯಿ ಬಾರಸಾಕತ್ತೈತಿ. ಲಗ್ನದ ಮಂಟಪ ಕಾಣಸ್ತೈತಂತ. ಮುಂಜಾನಿಂದ ನಾಲ್ಕು ಮಂದಿ ಪಾಲಕರು ಫೋನ್ ಮಾಡ್ಯಾರ. ಒಬ್ಬರು, ಶಾಲಿ ಮುಚ್ಚಿ ಫಂಕ್ಷನ್ ಹಾಲ್ ಮಾಡೀರೇನು ಅಂತ ಕೇಳಿದ್ರು.”

ಶಿವದೇವಿಯವರು ಶಾಲೆಯ ವಿಳಾಸ ಹಾಕಿ ನೋಡಿದರು. ಶಾಲೆಯೇ ಬಂತು. “ನಮ್ಮಲ್ಲಿ ಸರಿ ಐತ್ರಿ ಮೇಡಂ. ಆ ನಾಲ್ವರು ವಿಳಾಸ ಎಲ್ಲಿ ನೋಡಿ ಹಾಕ್ಯಾರ, ಕೇಳಿ ಹೇಳ್ತೀರೇನು?”

ಹತ್ತು ನಿಮಿಷದಲ್ಲಿ ಉತ್ತರ ಬಂತು. ನಾಲ್ವರೂ ಶಾಲಾ ಬಸ್ಸಿನ ಹಿಂದೆ ಬರೆದದ್ದನ್ನು ನೋಡಿ ಹಾಕಿದವರು. ಬಸ್ಸಿನ ಫೋಟೋ ಕಳಿಸಿ ಎಂದರು ಶಿವದೇವಿಯವರು. ಫೋಟೋ ನೋಡಿದರೆ, ಬಣ್ಣ ಬಳಿದವನು ‘ಸುಬೋಧ’ದ ಬದಲು ‘ಸುಬೋಧ್’ ಎಂದು ಬರೆದಿದ್ದ. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಅಕ್ಷರ ಇಲ್ಲ. ಆರು ಬಸ್ಸಿನ ಮೇಲೂ ಹಾಗೆಯೇ.

ಅದು ಬಣ್ಣ ಬಳಿದವನ ತಪ್ಪೂ ಆಗಿರಲಿಲ್ಲ. ಊರಿನ ಅರ್ಧ ಜನ ಆ ಶಾಲೆಯನ್ನು ಕರೆಯುವುದೇ ಹಾಗೆ ಎಂದು ಆಡಳಿತ ಮಂಡಳಿಯವರು ಆ ಎರಡನೇ ಹೆಸರಿನ ವಿಳಾಸವನ್ನೂ ಕೊಂಡು, ಅದನ್ನು ಇದೇ ಯಂತ್ರಕ್ಕೆ ತಿರುಗಿಸಿದ್ದರು. ಆದರೆ ಪದ್ಮನಾಭ ಅವರಿಗಾಗಲಿ, ಶಿವದೇವಿಯವರಿಗಾಗಲಿ ತಿಳಿಸಿರಲಿಲ್ಲ. ಹಾಗಾಗಿ ಜನ ಆ ಹೆಸರು ಹೇಳಿಕೊಂಡು ಬಾಗಿಲಿಗೆ ಬರುತ್ತಿದ್ದರು, ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದವರನ್ನು ಎಲ್ಲಿಗೆ ಕಳಿಸಬೇಕೆಂದು ಕಡತದಲ್ಲಿ ಮೊದಲೇ ಒಂದು ಹೆಸರು ಬರೆದಿರುತ್ತದೆ. ಅಲ್ಲಿ ಮೊಟ್ಟಮೊದಲ ಗಿರಾಕಿ ಫಂಕ್ಷನ್ ಹಾಲಿನ ಹೆಸರು ಇತ್ತು. ಅಂತೂ ಪಾಲಕರೆಲ್ಲ ಮದುವೆ ಮಂಟಪಕ್ಕೆ ಹೋಗಿ ನಿಂತಿದ್ದರು.

ಶಿವದೇವಿಯವರು ಕಡತದ ನಕಲು ಇಟ್ಟುಕೊಂಡರು. ಶಾಲೆಯ ಹೋಸ್ಟಿನೊಳಗೆ ‘ಅಲಿಯಾಸ್’ ಎಂಬ ಒಂದು ಸಾಲು ಸೇರಿಸಿದರು. ಈ ಹೆಸರಿನಲ್ಲಿ ಕೇಳಿಕೊಂಡು ಬಂದರೂ ಇದೇ ಶಾಲೆಗೆ ಕಳಿಸು ಎಂದು ಅದರ ಅರ್ಥ. ಬರೆದದ್ದನ್ನು ಎರಡು ಸಲ ಓದಿ, ನಿಲ್ಲಿಸಿ, ಶುರು ಮಾಡಿದರು. ಅನುರಾಧಾ ಅವರಿಗೆ ಫೋನ್ ಮಾಡಿ, “ಈಗ ಬಸ್ಸಿನ ಹೆಸರು ಹಾಕಿ ನೋಡ್ರಿ,” ಅಂದರು.

“ಶಾಲಿ ಬಂತ್ರಿ,” ಅಂದರು ಅನುರಾಧಾ. “ಆರು ಬಸ್ಸಿಗೂ ಮತ್ತ ಬಣ್ಣ ಹೊಡಸಬೇಕಾಗತೈತಿ ಅಂತ ಮಾಡಿದ್ನಿ.”

ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಶಿವದೇವಿಯವರು ಪದ್ಮನಾಭ ಅವರ ಮೇಜಿನ ಹತ್ತಿರ ಹೋಗಿ ನಿಂತರು. “ಸರ್, ಒಂದು ಮಾತು. ಗೊತ್ತಿಲ್ಲದ ಹೆಸರು ಕೇಳಿ ಬಂದವರನ್ನ ಮತ್ತೊಬ್ಬರ ಮನಿಗೆ ಯಾಕ ಕಳಸಬೇಕ್ರಿ? ನಾ ಬೋರ್ಡಿನ್ಯಾಗ ಇದ್ದಾಗ, ರಾಂಗ್ ನಂಬರ್ ಬಂದ್ರ ಯಾವುದರ ಒಂದು ಖೋಲಿಗೆ ಜೋಡಸ್ತಿದ್ದಿಲ್ಲ. ಯಾರು ಬೇಕಿತ್ತು ಅಂತ ಕೇಳ್ತಿದ್ನಿ.”

ಪದ್ಮನಾಭ ಸ್ವಲ್ಪ ಯೋಚಿಸಿ, “ಕೇಳುವ ಒಂದು ಪುಟ ಮಾಡೋಣ ಹಾಗಾದರೆ. ಎಂತ ಬರೆಯಬೇಕು, ನೀವೇ ಹೇಳಿ,” ಅಂದರು.

ಹೀಗೆ ಯಾವ ಗಿರಾಕಿಗೂ ಸೇರದ ಹನ್ನೆರಡನೇ ಹೋಸ್ಟ್ ಒಂದು ಹುಟ್ಟಿತು. ಅದರಲ್ಲಿ ತೆಲುಗು, ಹಿಂದಿ, ಉರ್ದು, ಇಂಗ್ಲಿಷ್, ಕನ್ನಡ ಐದರಲ್ಲೂ ಮೂರೇ ಸಾಲು: “ನೀವು ಕೇಳಿದ ಹೆಸರು ಇಲ್ಲಿ ಸಿಗಲಿಲ್ಲ. ತಪ್ಪು ನಮ್ಮದೇ ಇರಬಹುದು. ಈ ನಂಬರಿಗೆ ಫೋನ್ ಮಾಡಿ, ಹುಡುಕಿಕೊಡುತ್ತೇವೆ.” ನಂಬರು ಶಿವದೇವಿಯವರ ಮೇಜಿನದು. ಅದೇ ವಾರ ಅವರು ಹನ್ನೊಂದೂ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, “ಮಂದಿ ನಿಮ್ಮನ್ನ ಏನಂತ ಕರೀತಾರ?” ಎಂದು ಕೇಳಿದರು. ಬೇರೆ ಯಾವ ಹೆಸರುಗಳನ್ನು ಕೊಂಡಿದ್ದೀರಿ, ಚೀಟಿಯಲ್ಲಿ ಬೋರ್ಡಿನಲ್ಲಿ ಯಾವುದನ್ನು ಬರೆಸಿದ್ದೀರಿ ಎಂದೂ ಕೇಳಿ ಬರೆದುಕೊಂಡರು. ಹನ್ನೊಂದು ಹೋಸ್ಟುಗಳಿಗೆ ಇಪ್ಪತ್ತಾರು ಅಲಿಯಾಸ್ ಆದವು. ತಾನು ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ ಗಿರಾಕಿಗಳನ್ನು ಹೀಗೆ ಕೇಳಬೇಕೆಂದು ತನಗೆ ತೋಚಿರಲಿಲ್ಲ ಎಂದು ಪದ್ಮನಾಭ ಕಲ್ಯಾಣಪ್ಪನವರ ಎದುರಿಗೇ ಹೇಳಿದರಂತೆ. ಕಲ್ಯಾಣಪ್ಪನವರು, “ನನಗ ಗೊತ್ತಿತ್ತು,” ಅಂದರಂತೆ. ಅವರಿಗೆ ಏನು ಗೊತ್ತಿತ್ತೆಂದು ಯಾರೂ ಕೇಳಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಪದ್ಮನಾಭ ಅವರ ತಾಯಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅವರು ಕುಂದಾಪುರಕ್ಕೆ ಹೊರಟುನಿಂತರು. ಹೊಸ ತಂತ್ರಾಂಶ ಬರೆಯುವುದನ್ನು ಅಲ್ಲಿಂದಲೇ ಮಾಡುವುದು, ಸರ್ವರ್ ಪೂರ್ತಿ ಶಿವದೇವಿಯವರ ಕೈಗೆ ಕೊಡುವುದು ಎಂದಾಯಿತು. ಮೂಲೆಯ ಯಂತ್ರ ಹಳತಾಗಿತ್ತು. ಎಲ್ಲವನ್ನೂ ಬಾಡಿಗೆಯ ಸರ್ವರಿಗೆ ಸಾಗಿಸಬೇಕಿತ್ತು. ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ, ಶಿವದೇವಿಯವರು ಒಬ್ಬರೇ ಅಷ್ಟೂ ಹೋಸ್ಟುಗಳನ್ನು ಹೊಸ ಜಾಗದಲ್ಲಿ ಎಬ್ಬಿಸಿದರು. ಪ್ರತಿಯೊಂದು ಹೆಸರು, ಪ್ರತಿಯೊಂದು ಅಲಿಯಾಸ್ ತೆರೆದು ನೋಡಿ ಗುರುತು ಹಾಕಿದರು. ಮಧ್ಯಾಹ್ನ ಎರಡಕ್ಕೆ ಪದ್ಮನಾಭ ಅವರಿಗೆ, “ಎಲ್ಲಾ ಮುಗೀತ್ರಿ, ನೀವು ಒಂದ್ಸಲ ನೋಡ್ರಿ,” ಎಂದು ಸಂದೇಶ ಕಳಿಸಿದರು. “ನೋಡುವ ಅಗತ್ಯ ಇಲ್ಲ ಅಕ್ಕ,” ಎಂದು ಉತ್ತರ ಬಂತು. ಆ ಸಂದೇಶವನ್ನು ಅವರು ಇನ್ನೂ ಅಳಿಸಿಲ್ಲ. ನನಗೆ ಒಮ್ಮೆ ತೋರಿಸಿದ್ದಾರೆ.

ನಾನು ಸೇರಿದ್ದು ಅದರ ಮುಂದಿನ ತಿಂಗಳು.

ಹೋದ ವರ್ಷದ ಡಿಸೆಂಬರಿನಲ್ಲಿ ಶಿವದೇವಿಯವರು ಒಂದು ವಾರ ರಜೆ ಕೇಳಿದರು. ಅಷ್ಟು ದಿನದ ರಜೆಯನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕುಂದಾಪುರಕ್ಕೆ ಹೊರಟಿದ್ದರು. ಪದ್ಮನಾಭ ಅವರನ್ನು ಕಂಡು ಒಂದಿಷ್ಟು ಮಾತು ಎದುರಿಗೆ ನಿಂತು ಹೇಳಬೇಕೆಂದು ಅವರಿಗೆ ಬಹಳ ದಿನದಿಂದ ಇತ್ತು. ದಿನಾ ಫೋನಿನಲ್ಲಿ ಮಾತಾಡುತ್ತಿದ್ದರೂ ಅಂಥ ಮಾತಿಗೆ ಫೋನು ಒಗ್ಗುವುದಿಲ್ಲ, ಅವರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡು ರೈಲು ಹತ್ತಿದರು. ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಮರೇಶಪ್ಪನವರ ಎದುರಿಗೆ ಹೇಳಿ ಹೇಳಿ ನೋಡಿಕೊಂಡರಂತೆ.

ಪದ್ಮನಾಭ ಅವರ ಮನೆ ಕುಂದಾಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಔಷಧಿ ಅಂಗಡಿಯ ಮೇಲೆ. ತಾಯಿ ನಡೆಯಲು ಆಸರೆಯ ಚೌಕಟ್ಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

“ಬನ್ನಿ, ಬನ್ನಿ. ನೀವೇ ಅಲ್ವಾ ಶಿವದೇವಿಯವರು? ನಿಮ್ಮನ್ನು ಒಮ್ಮೆ ನೋಡಬೇಕು ಅಂತ ನನಗೆ ಎಷ್ಟು ವರ್ಷದಿಂದ ಇತ್ತು.”

ಶಿವದೇವಿಯವರಿಗೆ ಅರ್ಥವಾಗಲಿಲ್ಲ. ಕೂತ ಮೇಲೆ ತಾಯಿಯೇ ಹೇಳಿದರು. ಪಾಲುದಾರ ಬಿಟ್ಟುಹೋದ ವರ್ಷ ಪದ್ಮನಾಭ ಎಲ್ಲವನ್ನೂ ಮುಚ್ಚಿ ಊರಿಗೆ ಬರುವುದೆಂದು ತೀರ್ಮಾನಿಸಿದ್ದರಂತೆ. ಒಬ್ಬರೇ ಓಡಾಡಿ ಸೋತಿದ್ದರು. ಊಟ ನಿದ್ರೆ ಸರಿ ಇರಲಿಲ್ಲ. ಫೋನಿನಲ್ಲಿ ದನಿ ಕೇಳಿಯೇ ತಾಯಿಗೆ ಭಯವಾಗುತ್ತಿತ್ತು.

“ನಾನೂ ಬಾ ಅಂದೆ. ಟಿಕೆಟ್ ಕೂಡ ಆಗಿತ್ತು,” ಅಂದರು ತಾಯಿ. “ಆಮೇಲೆ ಒಂದು ದಿನ ಹೇಳಿದ, ಇಲ್ಲಮ್ಮ, ಇಲ್ಲಿ ಒಬ್ಬರು ಕಲಿಯೋಕೆ ಕೂತಿದ್ದಾರೆ, ನನಗಿಂತ ದೊಡ್ಡವರು, ಅರ್ಧಕ್ಕೆ ಬಿಟ್ಟು ಬಂದರೆ ಸರಿಯಲ್ಲ ಅಂತ. ಆಮೇಲೆ ದನಿಯೂ ಸರಿಯಾಯ್ತು ನೋಡಿ. ದಿನಾ ನಿಮ್ಮದೇ ಸುದ್ದಿ. ಇವತ್ತು ಅಕ್ಕ ಇದು ಕಲಿತರು, ಅದು ಕಲಿತರು ಅಂತ. ನಿಮ್ಮಿಂದ ನನ್ನ ಮಗ ಉಳಿದ.”

ಪದ್ಮನಾಭ, ಹಾಲು ತರುತ್ತೇನೆ ಎಂದು ಎದ್ದು ಹೋದರು. ಮನೆಯಲ್ಲಿ ಹಾಲು ಇತ್ತಂತೆ.

ಈ ಸುದ್ದಿ ಅಷ್ಟು ವರ್ಷಗಳಲ್ಲಿ ಶಿವದೇವಿಯವರಿಗೆ ಗೊತ್ತೇ ಇರಲಿಲ್ಲ. ಕೃತಜ್ಞತೆ ಹೇಳಬೇಕಾದವಳು ತಾನೊಬ್ಬಳೇ ಎಂದುಕೊಂಡು ಅವರು ಅಷ್ಟು ದೂರ ಬಂದಿದ್ದರು.

“ಮತ್ತೆ ಹೇಳಿದ್ರಾ, ಹೇಳಬೇಕು ಅಂತ ಹೋದದ್ದನ್ನ?” ಎಂದು ನಾನು ಕೇಳಿದೆ.

“ಊಟ ಆದ ಮ್ಯಾಲೆ ಶುರು ಮಾಡಿದ್ನಿ,” ಅಂದರು ಶಿವದೇವಿಯವರು. “ಸರ್, ಆ ವಯಸ್ಸಿನ್ಯಾಗ ನನ್ನ ಕೈ ಹಿಡಿದು, ಅನ್ನೂತನಕ ಬಂತು. ಮುಂದ ಮಾತ ಹೊಂಡಲಿಲ್ಲ. ಆಗ ನಮ್ಮನಿಯವರು ಎದ್ದು ನಿಂತ್ರು ನೋಡು.”

ಅಮರೇಶಪ್ಪನವರು ಎದ್ದು ನಿಂತು, ಕೈ ಮುಂದೆ ಕಟ್ಟಿಕೊಂಡು, ರೈಲಿನಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿದ್ದ ಹೆಂಡತಿಯ ಮಾತನ್ನು ಬಿಟ್ಟಲ್ಲಿಂದ ಕೊನೆಯವರೆಗೆ ಒಂದು ಪದ ಬಿಡದೆ ಹೇಳಿದರಂತೆ. ‘ನಾನು’ ಎಂಬ ಕಡೆ ‘ನಾನು’ ಎಂದೇ ಹೇಳಿದರು. ಯಾರೂ ನಗಲಿಲ್ಲ. ಪದ್ಮನಾಭ ತಲೆ ತಗ್ಗಿಸಿ ಕೇಳಿಸಿಕೊಂಡರು. ಮುಗಿದ ಮೇಲೆ ಅವರ ತಾಯಿ ಅಮರೇಶಪ್ಪನವರಿಗೆ ಕೂತುಕೊಳ್ಳಿ ಎಂದು ಹೇಳಿ, ಹೋಳಿಗೆಯ ಡಬ್ಬಿಯನ್ನು ಎಲ್ಲರ ನಡುವೆ ತಳ್ಳಿದರು.